ಆರು ಅಡಿ ನೆರಳು

ಅಣ್ಣ ವಾರದ ದಿನ ಫೋನ್ ಮಾಡೋದು ಕಡಿಮೆ. ಮಾಡಿದ ಅಂದರೆ ಯಾರಿಗೋ ಆರಾಮಿಲ್ಲ, ಇಲ್ಲವೇ ದುಡ್ಡಿನ ವಿಷಯ. ಕಳೆದ ವರ್ಷ ಒಂದು ಮಂಗಳವಾರ ಸ್ಟ್ಯಾಂಡ್‌ಅಪ್ ಮೀಟಿಂಗ್ ನಡೆಯುವಾಗ ಮೂರು ಸಲ ರಿಂಗ್ ಆಯ್ತು. ಹೊರಗೆ ಬಂದು ಎತ್ತಿದೆ.

"ಬೀಜದಂಗಡಿಯವ್ರು ಕೆಡವಾಕ ನಿಂತಾರ. ನಾವೂ ಕೂಡೇ ಕಟ್ಟಿದ್ರ ಖರ್ಚು ಕಡಿಮಿ ಆಗ್ತೈತಿ ಅಂತಾರ. ನೀ ಹ್ಞೂಂ ಅಂದ್ರ ಮುಂದಿನ ತಿಂಗಳನ ಶುರು."

"ಮತ್ತ ಟೇಲರ್ ಚಾಚಾ?"

"ಅದನ್ನ ಕೇಳಾಕನ ನಿನಗ ಫೋನ್ ಮಾಡೀನಿ."

ನಮ್ಮ ಹಳ್ಳಿ ಮಸ್ಕಿಗೂ ಲಿಂಗಸುಗೂರಿಗೂ ನಡುವೆ, ಮೇನ್ ರೋಡಿನಿಂದ ಒಳಗೆ. ಹೊಲ, ಮನೆ ಎಲ್ಲ ಹಳ್ಳಿಯಲ್ಲಿ. ಮಸ್ಕಿಯ ಹಳೇ ಬಜಾರಿನಲ್ಲಿ ಅಜ್ಜ ಕಟ್ಟಿಸಿದ ಒಂದು ಅಂಗಡಿ. ಅಜ್ಜ ಕಟ್ಟಿಸಿದ್ದು ಅನ್ನೋದೂ ಪೂರ್ತಿ ಸರಿಯಲ್ಲ. ಮೂವರು ಸ್ನೇಹಿತರು ಪಕ್ಕಪಕ್ಕದ ಮೂರು ಜಾಗ ತಗೊಂಡು ಒಂದೇ ಗೌಂಡಿ ಕೈಲಿ ಒಂದೇ ಸಾಲಾಗಿ ಕಟ್ಟಿಸಿದ್ದು. ನಮ್ಮ ಸೀಮೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲ, ಅಂದರೆ 1956ಕ್ಕೆ ಮುಂಚೆ. ಎರಡು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ. ಬೇವಿನ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಬಾಗಿಲಿಗೆ ಶೆಟರ್ ಇರಲಿಲ್ಲ, ಹಲಗೆಗಳಿದ್ದವು. ಒಂದೊಂದು ಹಲಗೆಗೂ ಒಂದು ನಂಬರ್. ಬೆಳಿಗ್ಗೆ ಒಂದೊಂದಾಗಿ ಸರಿಸಿ ತೆಗೆದು ಒಳಗೆ ಒರಗಿಸೋದು, ರಾತ್ರಿ ನಂಬರ್ ಪ್ರಕಾರ ಮತ್ತೆ ಕೂಡಿಸೋದು. ರಜೆಯಲ್ಲಿ ಆ ಕೆಲಸ ನನ್ನದು. ನಾನು ಅಂಕಿ ಕಲಿತದ್ದು ಶಾಲೆಯಲ್ಲೋ ಆ ಹಲಗೆಗಳ ಮೇಲೋ ಹೇಳೋದು ಕಷ್ಟ.

ಮೂರು ಅಂಗಡಿಗೂ ಮೂರು ಬಾಗಿಲು, ಆದರೆ ಮುಂದೆ ಒಂದೇ ಪಡಸಾಲಿ. ಒಟ್ಟು ನಲವತ್ತೆರಡು ಅಡಿ ಉದ್ದ, ಆರು ಅಡಿ ಅಗಲ. ಏಳು ಕಲ್ಲುಕಂಬ, ನೆಲಕ್ಕೆ ಶಹಾಬಾದ್ ಕಲ್ಲು. ನಾನು ಸಣ್ಣವನಿದ್ದಾಗ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಬೇಕಿತ್ತು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಮೇಲೆ ಬಂದು ಈಗ ಒಂದೇ ಮೆಟ್ಟಿಲು ಉಳಿದಿದೆ.

ಈ ಆರು ಅಡಿ ಸರ್ಕಾರದ್ದಲ್ಲ. ಮೂವರೂ ತಮ್ಮ ತಮ್ಮ ಜಾಗದಲ್ಲಿ ಬಿಟ್ಟುಕೊಟ್ಟದ್ದು. ಅಂಗಡಿಯ ಗೋಡೆಯನ್ನ ರಸ್ತೆಯ ಅಂಚಿಗೇ ತರಬಹುದಿತ್ತು, ತರಲಿಲ್ಲ. ಯಾವ ಕಾಗದದಲ್ಲೂ ಇದನ್ನ ಬರೆದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟೋ ಊರಿನಲ್ಲಿ ನಲವತ್ತೆರಡು ಅಡಿ ನೆರಳು ಅಂದರೆ ಏನು ಅಂತ ಎಸಿ ಕ್ಯಾಬಿನಲ್ಲಿ ಆಫೀಸಿಗೆ ಹೋಗೋ ನಮಗೆ ಬಿಡಿಸಿ ಹೇಳಬೇಕಾಗುತ್ತೆ. ಹಳ್ಳಿಗಳಿಂದ ಬಂದವರು ಬುತ್ತಿ ಬಿಚ್ಚುತ್ತಿದ್ದದ್ದು ಅಲ್ಲಿ. ಟಂಟಂ ಬರೋವರೆಗೆ ಹೆಣ್ಣುಮಕ್ಕಳು ಕೂಸು ಮಲಗಿಸಿಕೊಂಡು ಕೂರುತ್ತಿದ್ದದ್ದು ಅಲ್ಲಿ. ಕರಿಬೇವು-ಕೊತ್ತಂಬರಿ ಮಾರೋ ಒಬ್ಬ ಅಮ್ಮ ಕೊನೇ ಕಂಬದ ಬುಡದಲ್ಲಿ ಬುಟ್ಟಿ ಇಡುತ್ತಿದ್ದಳು. ಇವರಲ್ಲಿ ಯಾರೂ ನಮ್ಮ ಗಿರಾಕಿಗಳಲ್ಲ, ಅಥವಾ ಎಲ್ಲರೂ ಯಾವತ್ತೋ ಒಂದು ದಿನ ನಮ್ಮ ಗಿರಾಕಿಗಳೇ.

ಆದರೆ ಈ ಸಾಲನ್ನ ನಾನು ಸರಿಯಾಗಿ 'ನೋಡಿದ್ದು' ಲಂಡನ್ನಿನಲ್ಲಿ.

ಆನ್‌ಸೈಟ್ ಅಂತ ಆರು ವಾರ ಹೋಗಿದ್ದೆ. ಯೂಸ್ಟನ್ ಸ್ಟೇಷನ್ ಹತ್ತಿರ ಹೋಟೆಲ್. ಒಂದು ಸಂಜೆ ಸುಮ್ಮನೆ ಸುತ್ತುವಾಗ ವೋಬರ್ನ್ ವಾಕ್ ಅನ್ನೋ ಪುಟ್ಟ ಗಲ್ಲಿ ಸಿಕ್ಕಿತು. 1822ರಲ್ಲಿ ಥಾಮಸ್ ಕ್ಯುಬಿಟ್ ಅನ್ನೋ ಬಿಲ್ಡರ್ ಕಟ್ಟಿದ್ದು. ಕೆಳಗೆ ಅಂಗಡಿ, ಮೇಲೆ ಮನೆ, ಅಂಗಡಿಗಳ ಗಾಜಿನ ಕಿಟಕಿ ಹೊಟ್ಟೆ ಬಂದವರ ಹಾಗೆ ಸ್ವಲ್ಪವೇ ಮುಂದಕ್ಕೆ ಬಾಗಿರುತ್ತೆ. ದೊಡ್ಡ ಗಾಜಿನ ಹಾಳೆ ಆಗ ತುಂಬಾ ದುಬಾರಿ, ಹಾಗಾಗಿ ಸಣ್ಣ ಸಣ್ಣ ಚೌಕದ ಗಾಜುಗಳನ್ನ ಮರದ ಪಟ್ಟಿಯಲ್ಲಿ ಜೋಡಿಸಿದ್ದಾರೆ. ಕಿಟಕಿ ಬಾಗಿದ್ದರಿಂದ ದಾರಿಯಲ್ಲಿ ಬರುವವರಿಗೆ ದೂರದಿಂದಲೇ ಸಾಮಾನು ಕಾಣುತ್ತೆ. ಐರಿಷ್ ಕವಿ ಯೇಟ್ಸ್ 1895ರಿಂದ 1919ರವರೆಗೆ ಈ ಗಲ್ಲಿಯಲ್ಲೇ ಬಾಡಿಗೆಗಿದ್ದ. ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕಿದೆ. ಅಣ್ಣನ ಉತ್ತರ: "ನಮ್ಮ ಅಂಗಡಿ ಇದ್ದಂಗ ಐತಲ್ಲೋ."

ನಕ್ಕೆ. ಆಮೇಲೆ ನಗು ನಿಂತಿತು. ಹೌದಲ್ಲ!

ಒಂದು ಸಣ್ಣ ಗೊಂದಲ ಇಲ್ಲೇ ಬಗೆಹರಿಸ್ತೀನಿ. ನಮಗೆ ಟೆರೇಸ್ ಅಂದರೆ ಬಟ್ಟೆ ಒಣಹಾಕೋ ಜಾಗ. ಇಂಗ್ಲೆಂಡಿನಲ್ಲಿ ಟೆರೇಸ್ ಅಂದರೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು. ಈ ಮನೆಗೂ ಪಕ್ಕದ ಮನೆಗೂ ನಡುವೆ ಇರೋದು ಒಂದೇ ಗೋಡೆ. 1811ರಿಂದ 1820ರವರೆಗೆ, ರಾಜ ಮೂರನೇ ಜಾರ್ಜ್ ಮಾನಸಿಕ ಕಾಯಿಲೆಯಿಂದ ಆಳಲಾಗದೆ ಹೋದಾಗ ಅವನ ಮಗ ರೀಜೆಂಟ್ ಆಗಿ ಆಳಿದ. ಆ ಕಾಲದ್ದೂ, ಅದರ ಮುಂದಿನ ಹತ್ತು-ಹದಿನೈದು ವರ್ಷಗಳದ್ದೂ ಕಟ್ಟಡದ ಶೈಲಿಗೆ ರೀಜೆನ್ಸಿ ಅಂತ ಹೆಸರು. ಇಟ್ಟಿಗೆಯ ಗೋಡೆಗೆ ಗಾರೆ ಬಳಿದು, ಗೆರೆ ಕೊರೆದು, ಕಲ್ಲಿನದೇ ಅಂತ ನಂಬಿಸೋದು ಅವರ ಮೆಚ್ಚಿನ ಕೆಲಸ. ಮುಂದಿನ ಗೋಡೆಯನ್ನ ಸ್ವಲ್ಪ ಎತ್ತರಿಸಿ ಇಳಿಜಾರು ಮಾಡು ಕಾಣದ ಹಾಗೆ ಮುಚ್ಚೋದು ಇನ್ನೊಂದು. ಆ ಕಾಲದ ದೊಡ್ಡ ವಾಸ್ತುಶಿಲ್ಪಿ ಜಾನ್ ನ್ಯಾಶ್. ರೀಜೆಂಟ್ಸ್ ಪಾರ್ಕಿನ ಪಕ್ಕ ಅವನ ಕಂಬರ್‌ಲ್ಯಾಂಡ್ ಟೆರೇಸ್ ಇದೆ. ದೂರದಿಂದ ಒಬ್ಬನೇ ರಾಜನ ಅರಮನೆ ಅನ್ನಿಸುತ್ತೆ, ಹತ್ತಿರ ಹೋದರೆ ಸಾಲು ಸಾಲು ಮನೆ ಬಾಗಿಲುಗಳು. ಮೋಸ ಅಂತ ಬೈಯಬಹುದು, ಆಗಲೇ ಬೈದವರೂ ಇದ್ದರು. ನಾನು ಬೈಯಲಾರೆ. ನನ್ನ ಸಂಬಳ ಬರೋದೇ ಇಂಥ ಕೆಲಸದಿಂದ. ಒಳಗೆ ಹದಿನೆಂಟು ಹಳೇ ಸಿಸ್ಟಮ್ ಇಟ್ಟುಕೊಂಡು ಹೊರಗೆ ಒಂದೇ ಚಂದದ ಮುಖ ತೋರಿಸೋದು.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಮುಖದ ಚಂದ ಅಲ್ಲ, ಅದರ ಹಿಂದಿನ ಒಪ್ಪಂದ. ಸಾಲಿನ ನಡುವಿನ ಮನೆಯವನು ತನ್ನ ಮನೆ ಕೆಡವಿದರೆ ಎರಡೂ ಕಡೆಯವರ ಗೋಡೆಗೆ ಆಸರೆ ಹೋಗುತ್ತೆ. ಒಬ್ಬ ತನ್ನ ಕಿಟಕಿಯನ್ನ ಎರಡು ಅಡಿ ಮುಂದೆ ತಂದರೆ ಪಕ್ಕದವನ ಅಂಗಡಿ ಮರೆಯಾಗುತ್ತೆ, ನಡೆಯೋರಿಗೆ ದಾರಿ ಇಕ್ಕಟ್ಟಾಗುತ್ತೆ. ಇದನ್ನೆಲ್ಲ ಅವರು ಒಳ್ಳೆಯ ಮನಸ್ಸಿನ ಮೇಲೆ ಬಿಟ್ಟಿರಲಿಲ್ಲ. ಲಂಡನ್ನಿನ 1774ರ ಕಟ್ಟಡ ಕಾಯ್ದೆಯ ಪ್ರಕಾರ ಅಂಗಡಿಯ ಬಾಗಿದ ಕಿಟಕಿ 10 ಇಂಚಿಗಿಂತ ಹೆಚ್ಚು ಮುಂದೆ ಬರುವ ಹಾಗಿಲ್ಲ. ಹತ್ತು ಇಂಚು! ನಮ್ಮಲ್ಲಿ ಅಂಗಡಿಯ ಬೋರ್ಡೇ ಅದಕ್ಕಿಂತ ಮುಂದೆ ಬರುತ್ತೆ. ಇವತ್ತಿಗೂ ಅಲ್ಲಿ ನಡುಗೋಡೆಗೆ ಅಂತಲೇ 1996ರ ಒಂದು ಕಾಯ್ದೆ ಇದೆ. ಇಬ್ಬರಿಗೂ ಸೇರಿದ ಗೋಡೆಯನ್ನ ಮುಟ್ಟೋದಿದ್ದರೆ ಎರಡು ತಿಂಗಳು ಮುಂಚೆ ಪಕ್ಕದವರಿಗೆ ನೋಟಿಸ್ ಕೊಡಬೇಕು.

ಕಾನೂನು ಇದ್ದೂ ಎಲ್ಲ ಉಳಿಯಲಿಲ್ಲ ಅನ್ನೋದೂ ಅಷ್ಟೇ ನಿಜ. ರೀಜೆಂಟ್ ಸ್ಟ್ರೀಟ್ ಬಿಲ್ಲಿನ ಹಾಗೆ ಬಾಗುವ ಕಡೆ, ಕ್ವಾಡ್ರೆಂಟ್ ಅಂತಾರೆ, ನ್ಯಾಶ್ ಎರಡೂ ಬದಿಗೆ ಬೀಡುಕಬ್ಬಿಣದ ಕಂಬ ನಿಲ್ಲಿಸಿ ಫುಟ್‌ಪಾತಿಗೆ ಸೂರು ಮಾಡಿದ್ದ. ಮಳೆಯಲ್ಲೂ ಜನ ನೆನೆಯದೆ ಅಂಗಡಿ ನೋಡುತ್ತಾ ಹೋಗಲಿ ಅಂತ. ಬೇರೆ ಬೇರೆಯವರ ಕೈಗೆ ಕೊಟ್ಟರೆ ಒಬ್ಬೊಬ್ಬರು ಒಂದೊಂದು ಥರ ಕಟ್ಟಿಯಾರು ಅಂತ ಆ ಭಾಗದ ಹೊಣೆಯನ್ನ ತಾನೇ ಹೊತ್ತಿದ್ದ. ಮೂವತ್ತು ವರ್ಷವೂ ನಿಲ್ಲಲಿಲ್ಲ. ಅಂಗಡಿಯ ಒಳಗೆ ಕತ್ತಲಾಗುತ್ತೆ, ಕಂಬಗಳ ಮರೆಯಲ್ಲಿ ಬೇಡದ ಜನ ನಿಲ್ಲುತ್ತಾರೆ, ಹೆಣ್ಣುಮಕ್ಕಳ ದಂಧೆ ನಡೆಯುತ್ತೆ ಅಂತ ಅಂಗಡಿಯವರೇ ದೂರು ಕೊಟ್ಟರು. 1848ರಲ್ಲಿ ಕಂಬಗಳನ್ನ ಕಿತ್ತು ಮಾರಿದರು. ಓದಿದಾಗ ನನಗೆ ನೆನಪಾದದ್ದು ನಮ್ಮ ಬೀಜದಂಗಡಿಯವರ ಮಾತು: "ಪಡಸಾಲ್ಯಾಗ ಕುಡುದು ಬಂದು ಮಕ್ಕೊಂತಾರ ತಮ್ಮಾ. ಮುಂಜಾನೆ ಯಾರು ಬಳೀಬೇಕು?" ಅದೂ ನಿಜವೇ. ನೆರಳು ಕೊಟ್ಟವನಿಗೆ ಅದರಲ್ಲಿ ಯಾರು ಕೂರಬೇಕು ಅಂತ ಆರಿಸೋಕೆ ಆಗೋದಿಲ್ಲ.

ಫೋನ್ ಬಂದ ಶನಿವಾರ ಊರಿಗೆ ಹೋದೆ. ಬೀಜದಂಗಡಿಯವರ ಪ್ಲಾನ್ ಅಣ್ಣನ ಮೊಬೈಲಿನಲ್ಲಿತ್ತು. ಸಿಂಧನೂರಿನ ಎಂಜಿನಿಯರ್ ಒಬ್ಬರು ಮಾಡಿಕೊಟ್ಟದ್ದು. ಮೂರು ಅಂತಸ್ತು, ನೀಲಿ ಗಾಜು, ಶೆಟರ್ ರಸ್ತೆಯ ಅಂಚಿಗೆ. ನಮ್ಮದೂ ಹಾಗೇ. ನಡುವೆ ಟೇಲರ್ ಚಾಚಾನ ಹದಿನಾಲ್ಕು ಅಡಿ ಅಂಗಡಿಯನ್ನ ಪ್ಲಾನಿನಲ್ಲಿ ಖಾಲಿ ಬಿಟ್ಟಿದ್ದರು, ಬಾಯಲ್ಲಿ ನಡುವಿನ ಹಲ್ಲು ಬಿದ್ದ ಹಾಗೆ.

ಸಿಂಧನೂರಿನ ಪ್ಲಾನ್ ಅಂದೆನಲ್ಲ, ಅದನ್ನ ಕೊಂಕಿನಿಂದ ಹೇಳುತ್ತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು, ಭತ್ತ ಬಂದು, ರೈಸ್ ಮಿಲ್ಲುಗಳು ಬಂದು ಬೆಳೆದ ಊರು ಅದು. ದುಡ್ಡು ಬಂದವರು ಗಾಜು ಹಾಕಿಸುತ್ತಾರೆ. ನಮ್ಮ ಅಜ್ಜಂದಿರಿಗೂ ಸ್ವಲ್ಪ ದುಡ್ಡು ಬಂದಾಗಲೇ ಕಲ್ಲುಕಂಬ ಹಾಕಿಸಿದ್ದು. ಲಿಂಗಸುಗೂರಿನಲ್ಲಿ ನೋಡಿಬಂದು ಹಾಗೇ ಬೇಕು ಅಂತ ಹಟ ಹಿಡಿದಿದ್ದನಂತೆ ಅಜ್ಜ. ಹೈದರಾಬಾದ್ ಕಂಟಿಂಜೆಂಟಿನ ದಂಡು ಇದ್ದ ಊರು ಅದು, 1905ರವರೆಗೆ ಜಿಲ್ಲಾ ಕೇಂದ್ರ ಕೂಡ. ಅಂದರೆ ಅವನೂ ಆ ಕಾಲದ ಫ್ಯಾಷನ್ನಿಗೇ ಬಿದ್ದವನು. ಹಳೆಯದಾದ ಮಾತ್ರಕ್ಕೆ ಕಂಬಕ್ಕೆ ಪಾವಿತ್ರ್ಯ ಬರೋದಿಲ್ಲ. ಮಸ್ಕಿಯ ಗುಡ್ಡದಲ್ಲೇ ಅಶೋಕನ ಶಾಸನ ಇದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನ ಕಂಡ. ದೇವಾನಾಂಪ್ರಿಯ ಅಂತಷ್ಟೇ ಅಲ್ಲದೆ ಅಶೋಕ ಅಂತ ಹೆಸರೇ ಅದರಲ್ಲಿ ಸಿಕ್ಕಿತು ಅಂತ ಇತಿಹಾಸದ ಪುಸ್ತಕಕ್ಕೆ ಸೇರಿತು. ಆ ಬಂಡೆಯನ್ನ ಕಾಯೋಕೆ ಸರ್ಕಾರ ಇದೆ. ನಮ್ಮ ಕಂಬಗಳ ಮೇಲೆ ಇರೋದು ಸುಣ್ಣ ಮತ್ತು ಬೀಡಿಯ ಜಾಹೀರಾತು.

ಆ ರಾತ್ರಿ ಅಣ್ಣನ ಜೊತೆ ಜಗಳವೇ ಆಯ್ತು ಅನ್ನಿ.

"ಆರು ಅಡಿ ಯಾರ್ದು?"

"ನಮ್ದು."

"ಕಾಗದ ಯಾರ ಹೆಸರಿಗೆ ಐತಿ?"

"ನಮ್ಮ ಹೆಸರಿಗೆ."

"ಮತ್ತ?"

"ಅಜ್ಜ ಕೊಟ್ಟಾನಲ್ಲ."

"ಕೊಟ್ಟಾಂವ ಅಜ್ಜ. ನಾ ಅಲ್ಲ."

ಇದಕ್ಕೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಇದು ಗಟ್ಟಿ ಪ್ರಶ್ನೆ ಅಂತಲೇ ಅನ್ನಿಸುತ್ತೆ. ಸತ್ತವರ ದಾನ ಬದುಕಿರುವವರನ್ನ ಎಷ್ಟರ ಮಟ್ಟಿಗೆ ಕಟ್ಟಿಹಾಕಬೇಕು? ಅಜ್ಜ ಸಾಲ ಮಾಡಿದ್ದರೆ ತೀರಿಸುತ್ತಿದ್ದೆವು, ನಮ್ಮ ಕಡೆ ಅದು ಮಾನದ ಪ್ರಶ್ನೆ. ಆದರೆ ದಾನ? ಯಾರ ಹೆಸರಿಗೂ ಬರೆಯದ, ಯಾರೂ ಕೇಳದ, ಯಾರೂ ಥ್ಯಾಂಕ್ಸ್ ಹೇಳದ ದಾನ?

ಅದರ ಮೇಲೆ ಅಣ್ಣ ಇನ್ನೊಂದು ಬಾಣ ಬಿಟ್ಟ. "ಬೆಂಗಳೂರಾಗ ನೀ ಎಷ್ಟು ಅಡಿ ಬಿಟ್ಟೀದಿ?" ನನ್ನ ಫ್ಲ್ಯಾಟಿನ ಬಾಲ್ಕನಿಗೆ ಗಾಜು ಹಾಕಿಸಿ ವರ್ಕ್ ಫ್ರಮ್ ಹೋಮ್ ರೂಮ್ ಮಾಡಿಕೊಂಡದ್ದು ಅವನಿಗೆ ಗೊತ್ತು. ಗೃಹಪ್ರವೇಶಕ್ಕೆ ಬಂದಾಗ ಆ ರೂಮಿನಲ್ಲೇ ಮಲಗಿದ್ದ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಸಕ್ಕರೆ ಚೀಲಕ್ಕೆ ತಾಡಪತ್ರಿ ಹೊದಿಸಿ ಕೂರೋನು ಅವನು. ವರ್ಷಕ್ಕೆ ಎರಡು ಸಲ ಬಂದು ಕಂಬದ ಫೋಟೋ ತೆಗೆಯೋನು ನಾನು. ಹಳೆಯದು ಉಳೀಬೇಕು ಅಂತ ಹೇಳೋ ಹಕ್ಕು ಮಳೆಗೆ ನೆನೆಯೋನಿಗೆ ಇರಬೇಕು ಹೊರತು ಫೋಟೋ ತೆಗೆಯೋನಿಗಲ್ಲ.

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನಿಮಗೆ ಗೊತ್ತಿರಬಹುದು. ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಬರುತ್ತಾನೆ ಅಂತ 1892ರಲ್ಲಿ ಕಟ್ಟಿದ್ದು. ಕೆಳಗೆ ಅಂಗಡಿಗಳ ಉದ್ದ ಸಾಲು, ಮೇಲೊಂದು ಅಂತಸ್ತು, ಮುಂದೆ ಒಂದೇ ಲಯದ ಮುಖ. ವೋಬರ್ನ್ ವಾಕಿಗೆ ನಮ್ಮ ರಾಜ್ಯದಲ್ಲಿ ಅಣ್ಣತಮ್ಮ ಯಾರು ಅಂತ ಕೇಳಿದರೆ ನಾನು ಇದನ್ನೇ ತೋರಿಸೋದು. ಬಿಇ ಓದುವಾಗ ಮೈಸೂರಿಗೆ ಹೋದಾಗೆಲ್ಲ ಅಲ್ಲಿ ಹಳೇ ಪುಸ್ತಕ ಹುಡುಕಿದ್ದೀನಿ. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ನಾಲ್ಕು ವರ್ಷ ಕಳೆದು ಅದೇ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಕೆಡವಬೇಕೋ ಉಳಿಸಬೇಕೋ ಅನ್ನೋ ವಾದ ಆಮೇಲೆ ವರ್ಷಗಟ್ಟಲೆ ನಡೆಯಿತು. ಉಳಿಸಿ ಅನ್ನೋರ ಪರ ನಾನು. ಆದರೂ ಆ ನಾಲ್ವರು ನೆನಪಾದಾಗ ನನ್ನ ದನಿ ಸ್ವಲ್ಪ ಇಳಿಯುತ್ತೆ.

ಹಂಪಿಯದ್ದು ಇದರ ಉಲ್ಟಾ. ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯ ಎರಡೂ ಬದಿ ಕಲ್ಲಿನ ಮಂಟಪಗಳ ಸಾಲು, ವಿಜಯನಗರದ ಕಾಲದ ಅಂಗಡಿಗಳು. ನಾವು ಸಣ್ಣವರಿದ್ದಾಗ ಜಾತ್ರೆಗೆ ಹೋದರೆ ಆ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಜನ ಮನೆ ಮಾಡಿದ್ದರು, ಅಂಗಡಿ ಇಟ್ಟಿದ್ದರು, ಚಹಾ ಮಾರುತ್ತಿದ್ದರು. 2011ರ ಜುಲೈ 29ರಂದು ಜೆಸಿಬಿ ಬಂತು. ಕಂಬ ಉಳಿದವು, ಜನ ಹೋದರು. ಈಗ ಆ ಬೀದಿಯ ಫೋಟೋ ಬಹಳ ಚಂದ ಬರುತ್ತೆ. ಬಜಾರು ಅಂತ ಹೆಸರು, ಬಜಾರು ಮಾತ್ರ ಇಲ್ಲ.

ಒಂದು ಕಡೆ ಕಟ್ಟಡವೇ ಜನರ ಮೇಲೆ ಬಿತ್ತು, ಇನ್ನೊಂದು ಕಡೆ ಕಟ್ಟಡಕ್ಕೋಸ್ಕರ ಜನರನ್ನ ಎಬ್ಬಿಸಿದರು. ಇವೆರಡರ ನಡುವೆ ನಮ್ಮ ಮೂರು ಅಂಗಡಿಯ ಪ್ರಶ್ನೆಯನ್ನ ಹಳೆಯದೋ ಹೊಸದೋ ಅಂತ ಕೇಳೋದೇ ತಪ್ಪು ಅಂತ ನನಗೆ ಹೊಳೆಯಿತು. ಕೇಳಬೇಕಾದ್ದು ಬೇರೆ: ಇಲ್ಲಿ ಯಾರು ಯಾರ ಮೇಲೆ ಒರಗಿಕೊಂಡಿದ್ದಾರೆ? ಒರಗಿಕೊಂಡವರಿಗೆ ಹೇಳದೆ ನಾವು ಜಾಗ ಬಿಟ್ಟು ಸರಿಯಬಹುದಾ?

ನಮ್ಮ ಫೀಲ್ಡಿನಲ್ಲಿ ಹೈರಮ್ಸ್ ಲಾ ಅಂತ ಒಂದು ಮಾತಿದೆ. ನಿಮ್ಮ ಸಿಸ್ಟಮನ್ನ ಸಾಕಷ್ಟು ಜನ ಬಳಸೋಕೆ ಶುರು ಮಾಡಿದರೆ, ನೀವು ಡಾಕ್ಯುಮೆಂಟಿನಲ್ಲಿ ಏನು ಬರೆದಿದ್ದೀರಿ ಅನ್ನೋದು ಮುಖ್ಯವಲ್ಲ. ಅದು ಏನೇನು ಮಾಡುತ್ತೋ ಅದೆಲ್ಲದರ ಮೇಲೂ ಯಾರೋ ಒಬ್ಬರು ಅವಲಂಬಿಸಿರುತ್ತಾರೆ. ನೀವು ಬರೆದೇ ಇಲ್ಲದ್ದರ ಮೇಲೂ. ಅದಕ್ಕೇ ಏನಾದರೂ ತೆಗೆಯೋ ಮುಂಚೆ ಆರು ತಿಂಗಳ ನೋಟಿಸ್, ಮೇಲಿಂದ ಮೇಲೆ ಇಮೇಲ್. ಒಂದು ಬಟನ್ ತೆಗೆಯೋಕೆ ಇಷ್ಟು ಮರ್ಯಾದೆ ಕೊಡೋ ನಾವು, ಅರವತ್ತು ವರ್ಷ ದಾಟಿದ ನೆರಳು ತೆಗೆಯೋಕೆ ಒಂದು ವಾಟ್ಸಾಪ್ ಪಿಡಿಎಫ್ ಸಾಕು ಅಂದುಕೊಂಡಿದ್ದೆವು.

ಕಾನೂನಿನಲ್ಲೂ ಇಂಥದ್ದೊಂದು ಎಳೆ ಇದೆ ಅಂತ ಲಾ ಓದಿದ ರೂಮ್‌ಮೇಟ್ ಹೇಳಿದ. 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ, ಒಬ್ಬನ ಕಟ್ಟಡ ಪಕ್ಕದವನ ಕಟ್ಟಡದಿಂದ ಇಪ್ಪತ್ತು ವರ್ಷ ಶಾಂತಿಯಿಂದ, ತಡೆಯಿಲ್ಲದೆ ಆಸರೆ ಪಡೆದಿದ್ದರೆ ಆ ಆಸರೆ ಹಕ್ಕಾಗುತ್ತೆ. ಓದಿ ಖುಷಿಯಾಯ್ತು. ಆದರೆ ಗೋಡೆಗೆ ಆಸರೆ ಬೇಕಾದವನು ಗುರುತಿರೋ ಮನುಷ್ಯ, ಕಂಬದ ಬುಡದಲ್ಲಿ ಬುಟ್ಟಿ ಇಡೋ ಅಮ್ಮನ ಇಪ್ಪತ್ತು ವರ್ಷ ಯಾರ ಲೆಕ್ಕಕ್ಕೆ?

ಭಾನುವಾರ ಬೆಳಿಗ್ಗೆ ಟೇಲರ್ ಚಾಚಾ ಹತ್ತಿರ ಹೋಗಿ ಕೂತೆ. ಮಷೀನು ಪಡಸಾಲಿಯಲ್ಲೇ, ಬೆಳಕು ಅಲ್ಲಿ ಚೆನ್ನಾಗಿರುತ್ತೆ ಅಂತ. ನನ್ನ ಮೊದಲ ಫುಲ್ ಪ್ಯಾಂಟ್ ಹೊಲಿದವರು. ನಾನು ಲಂಡನ್ನಿಂದ ಶುರು ಮಾಡಿ ಕಂಬ, ನೆರಳು, ಅಜ್ಜಂದಿರ ಸ್ನೇಹ ಅಂತ ಅರ್ಧ ಗಂಟೆ ಮಾತಾಡಿದೆ. ಅವರು ಕಾಜಾ ಹೊಲಿಯುತ್ತಲೇ ಕೇಳಿದರು.

"ನೆರಳಿನ ಮಾತು ಬಿಡು ಬೇಟಾ. ನನಗೂ ಶೆಟರ್ ಬೇಕು, ರೊಕ್ಕ ಇಲ್ಲ ಅಷ್ಟೇ. ಗ್ವಾಡಿ ಕಥಿ ಏನು, ಅದು ಹೇಳು."

ನಾನು ಕಾವ್ಯ ಹೇಳುತ್ತಿದ್ದೆ, ಅವರು ಸ್ಟ್ರಕ್ಚರಲ್ ಎಂಜಿನಿಯರಿಂಗ್ ಕೇಳಿದರು. ಅವರ ಅಂಗಡಿಯ ಎರಡೂ ಪಕ್ಕದ ಗೋಡೆ ಅರ್ಧ ನಮ್ಮವು. ನಮ್ಮ ತೊಲೆಯೂ ಅದೇ ಗೋಡೆಯ ಮೇಲೆ, ಅವರ ತೊಲೆಯೂ ಅದೇ ಗೋಡೆಯ ಮೇಲೆ. ಎರಡೂ ಕಡೆ ಕೆಡವಿದರೆ ಇಷ್ಟು ವರ್ಷ ಒಳಗೋಡೆಯಾಗಿದ್ದದ್ದು ಹೊರಗೋಡೆ ಆಗುತ್ತೆ. ಮಣ್ಣಿನ ಗಾರೆ, ಹೊರಗೆ ಗಿಲಾಯಿ ಇಲ್ಲ. ಒಂದು ಮಳೆಗಾಲ ನಿಂತರೆ ಹೆಚ್ಚು. ಇದನ್ನ ಅವರಿಗೆ ಯಾರೂ ಹೇಳಿರಲಿಲ್ಲ. ಆದರೆ ಅವರಿಗೆ ಗೊತ್ತಿತ್ತು. ರಾತ್ರಿ ನಿದ್ದೆ ಬರೋದಿಲ್ಲ ಅಂತ ಅವರ ಮನೆಯವರು ಅತ್ತಿಗೆಯ ಹತ್ತಿರ ಹೇಳಿಕೊಂಡಿದ್ದರಂತೆ.

ಮತ್ತೆ ಅವರೇ ಅಂದರು, "ನೆರಳು ಯಾರಿಗೆ ಬೇಕು ಅಂತ ನನ್ನ ಕೇಳ್ತೀ. ನನ್ನ ಮ್ಯಾಲೆ ಛತ್ತು ಐತಲ್ಲ. ಛತ್ತು ಇಲ್ಲದವ್ರನ್ನ ಕೇಳು." ಬುಟ್ಟಿಯ ಅಮ್ಮನ ಕಡೆ ಕತ್ತು ತಿರುಗಿಸಿದರು. ನಾನು ಹೋಗಿ ಕೇಳಲಿಲ್ಲ. ಕೇಳಿದ್ದರೆ ಆಕೆ, "ನಿಮ್ಮ ಜಾಗ, ನಿಮ್ಮಿಷ್ಟ ಯಪ್ಪಾ" ಅಂತಿದ್ದಳು. ಹಕ್ಕಿಲ್ಲದವರನ್ನ ಒಪ್ಪಿಗೆ ಕೇಳೋದರಲ್ಲಿ ಒಂದು ಥರದ ಕ್ರೌರ್ಯ ಇದೆ, ಅವರಿಗೆ ಇಲ್ಲ ಅನ್ನೋಕೆ ಆಗೋದಿಲ್ಲ.

ಅವತ್ತು ಸಂಜೆ ಅಣ್ಣನ ಪ್ರಶ್ನೆಗೆ ನನ್ನ ಹತ್ತಿರ ಅರ್ಧ ಉತ್ತರ ಇತ್ತು. ಕೊಟ್ಟಾಂವ ಅಜ್ಜ, ನಿಜ. ಆದರೆ ಆ ಕೊಟ್ಟದ್ದರ ಫಲ ತಿಂದೋರು ನಾವು. ಬಿಸಿಲಿಗೆ ಬಂದು ಕೂತವರು ಎದ್ದು ಹೋಗುವಾಗ ಅರ್ಧ ಕಿಲೋ ಬೆಲ್ಲ ಒಯ್ದರು, ಕಾಲು ಕಿಲೋ ಎಣ್ಣೆ ಒಯ್ದರು. ನನ್ನ ಬಿಇ ಫೀಸಿನಲ್ಲಿ ಆ ಬೆಲ್ಲದ ದುಡ್ಡೂ ಇದೆ. ಜಾಗವನ್ನ ಮಾತ್ರ ಆಸ್ತಿಯಾಗಿ ತಗೊಂಡು, ಜಾಗದ ಜೊತೆ ಬಂದ ಮಾತನ್ನ ಅಜ್ಜನ ಲೆಕ್ಕಕ್ಕೆ ಬಿಡೋದು ಹೇಗೆ? ಅಣ್ಣ ಒಪ್ಪಲಿಲ್ಲ, ತಳ್ಳಿಯೂ ಹಾಕಲಿಲ್ಲ. ಲೆಕ್ಕ ಹೇಳಿದ. ರಸ್ತೆಯ ಅಂಚಿನವರೆಗೆ ಕಟ್ಟಿದರೆ ಕಿರಾಣಿ ಬಿಟ್ಟು ಉಳಿಯೋ ಅರ್ಧ ಭಾಗಕ್ಕೆ ಮೊಬೈಲ್ ಅಂಗಡಿಯವರು ತಿಂಗಳಿಗೆ ಎಂಟು ಸಾವಿರ ಕೊಡುತ್ತಾರೆ. ಆರು ಅಡಿ ಬಿಟ್ಟರೆ ಐದು. ಹದಿನಾಲ್ಕು ಆರ್ಲಿ ಎಂಬತ್ನಾಲ್ಕು ಚದರಡಿ, ಅರ್ಥಾತ್ ಮೂರು ಸಾವಿರ.

"ಆ ಮೂರು ಸಾವಿರ ನಾ ಕೊಡ್ತೀನಿ," ಅಂದೆ.

"ಎಷ್ಟು ವರ್ಷ?" ಅಂದ.

ಈಗ ಅಲ್ಲಿ ಹೇಗಿದೆ ಹೇಳ್ತೀನಿ. ಬೀಜದಂಗಡಿಯವರು ರಸ್ತೆಯ ಅಂಚಿಗೇ ಕಟ್ಟಿದರು, ಅವರ ಜಾಗ, ಅವರನ್ನ ನಾನು ತಪ್ಪು ಅನ್ನಲಾರೆ. ಆದರೆ ಗೋಡೆಯ ವಿಷಯದಲ್ಲಿ ಅಣ್ಣ ಹಟ ಹಿಡಿದ. ನಮ್ಮ ಕಡೆ ಛತ್ತು ಇಳಿಸೋ ಮುಂಚೆ ಚಾಚಾನ ಗೋಡೆಗೆ ಒತ್ತಿ ಸುಟ್ಟ ಇಟ್ಟಿಗೆಯ ಹೊಸ ಗೋಡೆ ಎಬ್ಬಿಸಿದ, ಆಮೇಲೇ ತೊಲೆಗೆ ಕೈ ಹಚ್ಚಿದ್ದು. ಅದನ್ನ ನೋಡಿ ಬೀಜದಂಗಡಿಯವರೂ ತಮ್ಮ ಕಡೆ ಹಾಗೇ ಮಾಡಿದರು, ಎರಡು ಗೋಡೆಯ ನಡುವಿನ ಸಂದಿಗೆ ನೀರು ಇಳಿಯದ ಹಾಗೆ ಮೇಲೆ ಸಿಮೆಂಟಿನ ಪಟ್ಟಿಯನ್ನೂ ಎಳೆದರು. ಚಾಚಾ ಖರ್ಚಿಗೆ ಅಂತ ಹತ್ತು ಸಾವಿರ ಎರಡು ಕಂತಿನಲ್ಲಿ ಕೊಟ್ಟರು. ಬೇಡ ಅಂದಿದ್ದಕ್ಕೆ ಬೈದರು.

ನಮ್ಮ ಅಂಗಡಿಯ ಮುಂದೆ ಆರು ಅಡಿ ಉಳಿದಿದೆ. ಕಲ್ಲುಕಂಬ ಉಳಿಯಲಿಲ್ಲ. ಮೇಲಿನ ಆರ್‌ಸಿಸಿ ಭಾರಕ್ಕೆ ಸರಿಹೋಗಲ್ಲ ಅಂತ ಎಂಜಿನಿಯರ್ ಕಾಂಕ್ರೀಟಿನವು ಹಾಕಿಸಿದ. ಒಂದು ಹಳೇ ಕಂಬವನ್ನ ಒಬ್ಬ ರೈತ ಟ್ರ್ಯಾಕ್ಟರಿನಲ್ಲಿ ಒಯ್ದು ಹೊಲದ ಕಾಲುವೆಗೆ ಅಡ್ಡ ಹಾಕಿಕೊಂಡಿದ್ದಾನೆ, ಅದರ ಮೇಲೆ ಆಡು ದಾಟುತ್ತವೆ. ನಲವತ್ತೆರಡು ಅಡಿಯ ನೆರಳು ಈಗ ಇಪ್ಪತ್ತೆಂಟು. ಬೀಜದಂಗಡಿ ಬಂದಾಗ ಬಿಸಿಲಿಗೆ ಇಳಿಯಬೇಕು. ಬುಟ್ಟಿಯ ಅಮ್ಮ ಕೂರುತ್ತಿದ್ದದ್ದು ಆ ಕಡೆಯ ಕೊನೇ ಕಂಬದ ಹತ್ತಿರ. ಮೊದಲ ತಿಂಗಳು ಕಾಣಲಿಲ್ಲ. ಈಗ ನಮ್ಮ ಕಡೆ ಕೂರುತ್ತಾಳೆ, ಮೊಬೈಲ್ ಅಂಗಡಿ ಹುಡುಗನಿಗೆ ಅದು ಇಷ್ಟವಿಲ್ಲ, ಅಣ್ಣ ಅವನಿಗೆ ಏನೋ ಹೇಳಿದ್ದಾನೆ. ಏನು ಅಂತ ನಾನು ಕೇಳಿಲ್ಲ.

ಪ್ರತಿ ತಿಂಗಳು ಐದನೇ ತಾರೀಕು ಅಣ್ಣನ ಮೆಸೇಜ್ ಬರುತ್ತೆ. '3000', ಅಷ್ಟೇ. ಹೆಂಡತಿ ಇದಕ್ಕೆ 'ನೆರಳಿನ ಇಎಂಐ' ಅಂತ ಹೆಸರಿಟ್ಟಿದ್ದಾಳೆ. ಈ ತಿಂಗಳು ಮನೆಯ ಲೋನಿನ ಕಂತು, ಮಗಳ ಸ್ಕೂಲ್ ಫೀಸು ಎರಡೂ ಒಟ್ಟಿಗೆ ಬಂದವು. ಅಣ್ಣನ ಮೆಸೇಜಿಗೆ ನೀಲಿ ಟಿಕ್ ಬಿದ್ದಿದೆ. ಇವತ್ತು ಹನ್ನೊಂದನೇ ತಾರೀಕು, ಇನ್ನೂ ಕಳಿಸಿಲ್ಲ.